ಮೀನುಮರಿಗೂ ಒಂದು ಚಾಕಿ ಮನೆ ಬೇಕು

ರೇಷ್ಮೆ ಸಾಕುವ ನಮ್ಮ ರೈತರಿಗೆ ಚಾಕಿ ಎಂದರೇನೆಂದು ಬಿಡಿಸಿ ಹೇಳಬೇಕಾಗಿಲ್ಲ. ಮೊಟ್ಟೆಯೊಡೆದು ಬಂದ ಹುಳುವಿಗೆ ಎರಡನೇ ಜ್ವರ ಕಳೆಯುವವರೆಗೆ ಎಳೆ ಸೊಪ್ಪು ಹಾಕಿ, ಶಾಖ ಮತ್ತು ತೇವ ನೋಡಿಕೊಂಡು, ಹಸುಗೂಸಿನಂತೆ ಸಾಕಿದರೆ ಮಾತ್ರ ಮುಂದೆ ಗೂಡು ಕಾಣಬಹುದು. ಟೊಮೇಟೊ, ಮೆಣಸಿನಕಾಯಿ ಬೀಜವನ್ನೂ ಯಾರೂ ನೇರವಾಗಿ ಹೊಲಕ್ಕೆ ಚೆಲ್ಲುವುದಿಲ್ಲ. ಸಸಿಮಡಿ ಮಾಡಿ, ಪೈರು ಬಲಿತ ಮೇಲೆ ನಾಟಿ ಮಾಡುತ್ತೇವೆ. ಆದರೆ ಮೀನಿನ ವಿಷಯಕ್ಕೆ ಬಂದಾಗ ಈ ತಿಳಿವಳಿಕೆಯೆಲ್ಲ ಎಲ್ಲಿಗೆ ಹೋಗುತ್ತದೋ ಕಾಣೆ. ಕಣ್ಣಿಗೆ ಕಂಡೂ ಕಾಣದಷ್ಟು ಎಳೆಯ ಮರಿಗಳನ್ನು ಪ್ಲಾಸ್ಟಿಕ್ ಚೀಲದಲ್ಲಿ ತಂದು, ನೂರಾರು ಎಕರೆಯ ಕೆರೆಗೆ ಸುರಿದು, ಕೈ ತೊಳೆದುಕೊಂಡು ಮನೆಗೆ ಬರುತ್ತೇವೆ. ಹೊಳೆಯಲ್ಲಿ ಹುಣಸೆಹಣ್ಣು ಕಿವುಚಿದಂತೆ ಎಂಬ ಗಾದೆಗೆ ಇದಕ್ಕಿಂತ ಒಳ್ಳೆಯ ಉದಾಹರಣೆ ಬೇಕಿಲ್ಲ.

ಶಿರಾ, ಮಧುಗಿರಿ, ಕೊರಟಗೆರೆ, ಪಾವಗಡ ತಾಲ್ಲೂಕುಗಳಂಥ ಮಳೆ ಕಡಿಮೆಯ ಸೀಮೆಯಲ್ಲಿ ಕೆರೆ ಮೀನುಗಾರಿಕೆ ಉಳಿಯಬೇಕಾದರೆ, ಮರಿಗಳನ್ನು ಕೆರೆಗೆ ಬಿಡುವ ಮುನ್ನ ಅವುಗಳನ್ನು ಊರಿನಲ್ಲೇ ಬೆಳೆಸುವ ಏರ್ಪಾಟು ಆಗಲೇಬೇಕು ಎಂಬುದು ಈ ಲೇಖನದ ಅಭಿಪ್ರಾಯ. ಇದಕ್ಕೆ ದೊಡ್ಡ ಕಟ್ಟಡವೂ ಬೇಡ, ಹೊಸ ಜಮೀನೂ ಬೇಡ. ಬೇಕಾದ ಸಾಮಗ್ರಿಯಲ್ಲಿ ಮುಕ್ಕಾಲು ಪಾಲು ನಮ್ಮ ಹೊಲಗಳಲ್ಲೇ ಇದೆ.

ಮಳೆಗೂ ಮರಿಗೂ ಹೊಂದದ ಲೆಕ್ಕ

ಕಾಟ್ಲಾ, ರೋಹು, ಮೃಗಾಲ್ ಎಂಬ ಮೂರು ಗೆಂಡೆ ಮೀನುಗಳು ನಮ್ಮ ಕೆರೆ ಮೀನುಗಾರಿಕೆಯ ಬೆನ್ನೆಲುಬು. ಇವು ನಿಂತ ನೀರಿನಲ್ಲಿ ತಾವಾಗಿ ಮರಿ ಮಾಡುವುದಿಲ್ಲ. ಪ್ರವಾಹ ಬಂದ ಹೊಳೆಯಲ್ಲಿ ಮಾತ್ರ ಮೊಟ್ಟೆ ಇಡುವುದು ಇವುಗಳ ಸ್ವಭಾವ. ಆದ್ದರಿಂದ ಪ್ರತಿ ವರ್ಷವೂ ಕೆರೆಗೆ ಹೊಸದಾಗಿ ಮರಿ ಬಿಡಲೇಬೇಕು. ಹಿಂದೆ ಈ ಮರಿಗಳನ್ನು ನದಿಗಳಲ್ಲಿ ಬಲೆ ಕಟ್ಟಿ ಹಿಡಿದು ತರಬೇಕಾಗಿತ್ತು. 1957ರ ಜುಲೈ 10ರಂದು ಒಡಿಶಾದ ಅಂಗುಲದಲ್ಲಿ ಹೀರಾಲಾಲ್ ಚೌಧುರಿ ಮತ್ತು ಕೆ.ಎಚ್. ಅಲಿಕುಂಞಿ ಅವರು ಪಿಟ್ಯುಟರಿ ಗ್ರಂಥಿಯ ಸಾರವನ್ನು ಚುಚ್ಚಿ ಗೆಂಡೆ ಮೀನುಗಳಿಂದ ಮೊಟ್ಟೆ ಇಡಿಸುವುದರಲ್ಲಿ ಜಯ ಪಡೆದರು. ಆ ದಿನವನ್ನೇ ಇಂದು ರಾಷ್ಟ್ರೀಯ ಮೀನು ಕೃಷಿಕರ ದಿನವೆಂದು ಆಚರಿಸುತ್ತಾರೆ. ಭದ್ರಾ ಅಣೆಕಟ್ಟೆಯ ಬಳಿ ಬಿ.ಆರ್. ಪ್ರಾಜೆಕ್ಟ್‌ನಲ್ಲಿ, ಹೊಸಪೇಟೆಯ ಹತ್ತಿರ ತುಂಗಭದ್ರಾ ಅಣೆಕಟ್ಟೆಯಲ್ಲಿ ಇರುವ ಮೀನುಮರಿ ಕೇಂದ್ರಗಳು ಇದೇ ವಿದ್ಯೆಯನ್ನು ನಂಬಿ ನಡೆಯುತ್ತಿವೆ.

ಆದರೆ ಈ ಕೇಂದ್ರಗಳಲ್ಲಿ ಮರಿ ಹೇರಳವಾಗಿ ಸಿಗುವುದು ಮುಂಗಾರಿನಲ್ಲಿ. ಜೂನ್ ಮಧ್ಯದಿಂದ ಆಗಸ್ಟ್‌ವರೆಗೆ, ಅಂದರೆ ಮಲೆನಾಡಿನಲ್ಲಿ ಮಳೆ ಹಿಡಿದಿರುವ ಕಾಲ ಅದು. ನಮ್ಮ ಕಡೆಯ ಕೆರೆಗಳಿಗೆ ಆಗ ನೀರೇ ಇರುವುದಿಲ್ಲ. ಪಟ್ಟನಾಯಕನಹಳ್ಳಿ ಸುತ್ತಿನ ಹಳ್ಳಿಗಳಲ್ಲಿ ಯಾವ ಹಿರಿಯರನ್ನು ಕೇಳಿದರೂ ಒಂದೇ ಮಾತು ಹೇಳುತ್ತಾರೆ: ಕೆರೆಗೆ ನೀರು ಬರುವುದು ಉತ್ತರೆ, ಹಸ್ತ, ಚಿತ್ತೆ ಮಳೆಯಲ್ಲಿ. ಅಕ್ಟೋಬರ್‌ನಲ್ಲಿ ಕೆರೆ ತುಂಬಿದಾಗ ಮರಿ ಬೇಕೆಂದು ಓಡಾಡಿದರೆ ಸಿಗುವುದು ಕೊನೆಯ ಪಾಳಿಯ ಸಣ್ಣ ಮರಿ. ಅದನ್ನು ಬಿಟ್ಟು ಅದು ಬೆಳೆಯುವಷ್ಟರಲ್ಲಿ ಶಿವರಾತ್ರಿ ಕಳೆದು, ಕೆರೆಯ ನೀರು ಇಂಗಿ, ಆವಿಯಾಗಿ, ಏಪ್ರಿಲ್‌ನಲ್ಲಿ ತಳ ಕಾಣುತ್ತದೆ. ಆರು ತಿಂಗಳು ನೀರು ನಿಲ್ಲುವ ಕೆರೆಯಲ್ಲಿ ಮೊದಲ ಎರಡು ಮೂರು ತಿಂಗಳನ್ನು ಮರಿ ಬೆರಳುದ್ದ ಆಗುವುದಕ್ಕೇ ಕಳೆದರೆ, ಮೀನು ತೂಕಕ್ಕೆ ಬರುವುದು ಯಾವಾಗ?

ನೀರಿಗಾಗಿ ಈ ಸೀಮೆ ಪಟ್ಟಿರುವ ಪಾಡು ಎಲ್ಲರಿಗೂ ಗೊತ್ತು. 2020ರ ಶಿರಾ ಉಪಚುನಾವಣೆಯಲ್ಲಿ ಮದಲೂರು ಕೆರೆಗೆ ಹೇಮಾವತಿ ನೀರು ತುಂಬಿಸುವ ಮಾತೇ ದೊಡ್ಡ ಮಾತಾಗಿತ್ತು. ನೆರೆಯ ಹಿರಿಯೂರಿನ ವಾಣಿವಿಲಾಸ ಸಾಗರ 1933ರ ನಂತರ ಮತ್ತೆ ಕೋಡಿ ಬಿದ್ದದ್ದು 2022ರಲ್ಲಿ. ಇಷ್ಟು ಅಪರೂಪದ ನೀರು ಬಂದಾಗ ಅದರ ಒಂದೊಂದು ತಿಂಗಳೂ ಬೆಲೆಯುಳ್ಳದ್ದು. ಆ ತಿಂಗಳುಗಳನ್ನು ಎಳೆ ಮರಿ ಸಾಕುವುದರಲ್ಲಿ ಕಳೆಯುವುದು ಜಾಣತನವಲ್ಲ.

ಮರಿ ಎಂದರೆ ಯಾವ ಮರಿ?

"ನಮ್ಮ ಕೆರೆಗೆ ಎರಡು ಲಕ್ಷ ಮರಿ ಬಿಟ್ಟೆವು" ಎಂದು ಯಾರಾದರೂ ಹೇಳಿದರೆ ಮೊದಲು ಕೇಳಬೇಕಾದ ಪ್ರಶ್ನೆ, ಎಷ್ಟು ಉದ್ದದ ಮರಿ ಎಂಬುದು. ಮೀನುಮರಿಯಲ್ಲಿ ಮೂರು ಹಂತಗಳಿವೆ. ಮೊಟ್ಟೆಯೊಡೆದು ಮೂರು ದಿನವಾದ, ಕೂದಲೆಳೆಯಂಥ ಮರಿಗೆ ಸ್ಪಾನ್ ಎನ್ನುತ್ತಾರೆ. ಅದರ ಉದ್ದ ಕಾಲು ಅಂಗುಲವೂ ಇರುವುದು ಕಷ್ಟ. ಅದನ್ನು ಹದಿನೈದು ಇಪ್ಪತ್ತು ದಿನ ಸಾಕಿದರೆ ಒಂದು ಅಂಗುಲದ ಬಿತ್ತನೆ ಮರಿ ಆಗುತ್ತದೆ. ಇದಕ್ಕೆ ಫ್ರೈ ಎಂದು ಹೆಸರು. ಇನ್ನೂ ಎರಡೂವರೆ ಮೂರು ತಿಂಗಳು ಸಾಕಿದರೆ ಮೂರರಿಂದ ನಾಲ್ಕು ಅಂಗುಲದ ಬಲಿತ ಮರಿ, ಅಂದರೆ ಬೆರಳುದ್ದದ ಮರಿ ಸಿಗುತ್ತದೆ. ಕೆರೆಗೆ ಬಿಡಲು ಯೋಗ್ಯವಾದದ್ದು ಈ ಮೂರನೆಯದು ಮಾತ್ರ.

ಕಾರಣ ಸರಳ. ಕೆರೆ ಬರಿಯ ನೀರಲ್ಲ. ಪೂರ್ತಿ ಬತ್ತದ ಕೆರೆಯ ಗುಂಡಿಗಳಲ್ಲಿ ಕೊರವ, ಬಾಳೆ, ಚೇಳುಮೀನು ಉಳಿದುಕೊಂಡಿರುತ್ತವೆ. ಕಪ್ಪೆ, ನೀರುಹಾವು, ಬೆಳ್ಳಕ್ಕಿ, ಮಿಂಚುಳ್ಳಿಗಳಿವೆ. ಒಂದು ಅಂಗುಲದ ಮರಿ ಇವೆಲ್ಲಕ್ಕೂ ಒಂದೊಂದು ತುತ್ತು. ಸ್ಪಾನ್ ಆದರೆ ಇವುಗಳವರೆಗೂ ಹೋಗಬೇಕಾಗಿಲ್ಲ. ಬೆನ್ನ ಮೇಲೆ ಈಜುವ ನೀರುಹುಳು, ಏರೋಪ್ಲೇನ್ ಚಿಟ್ಟೆಯ ನೀರಿನೊಳಗಿನ ಮರಿಹುಳು, ಇವೇ ಹಿಡಿದು ಹೀರಿ ಮುಗಿಸುತ್ತವೆ. ನಾಲ್ಕು ಅಂಗುಲದ ಮರಿಗಾದರೆ ಓಡಿ ತಪ್ಪಿಸಿಕೊಳ್ಳುವ ಬಲವಿರುತ್ತದೆ, ಬಹಳಷ್ಟು ಶತ್ರುಗಳ ಬಾಯಿಗೆ ಅದು ಹಿಡಿಸುವುದೂ ಇಲ್ಲ. ಕೆರೆಗೆ ಬಿದ್ದ ಮರುದಿನವೇ ಮೇಯಲು ತೊಡಗುತ್ತದೆ.

ಆದುದರಿಂದ ಹತ್ತು ಸಾವಿರ ಬಲಿತ ಮರಿ ಒಂದು ಲಕ್ಷ ಎಳೆ ಮರಿಗಿಂತ ಮೇಲು. ಆದರೆ ಚೀಲ ಬಿಚ್ಚಿ ಮರಿ ಬಿಡುವ ಸಮಾರಂಭಗಳಲ್ಲಿ ಹೇಳುವುದು ಲಕ್ಷದ ಲೆಕ್ಕವನ್ನೇ. ಎಷ್ಟು ಬಿಟ್ಟರು ಎಂಬುದು ಕಡತಕ್ಕೆ ಏರುತ್ತದೆ. ಎಷ್ಟು ಬದುಕಿದವು ಎಂಬುದನ್ನು ಬೇಸಿಗೆಯಲ್ಲಿ ಬಲೆ ಎಳೆಯುವ ಬೆಸ್ತರು ಮಾತ್ರ ಬಲ್ಲರು. ಕೆರೆಯ ಹರಾಜಿಗೆ ಸಾಲ ಮಾಡಿ ಹಣ ಕಟ್ಟಿದ ಸಹಕಾರ ಸಂಘದವರು ಬಲೆಯಲ್ಲಿ ಬರೀ ಕಳೆಮೀನು ಕಂಡು ತಲೆಯ ಮೇಲೆ ಕೈ ಹೊತ್ತರೆ, ಆ ನಷ್ಟ ಶುರುವಾದದ್ದು ಮರಿ ಬಿಟ್ಟ ದಿನವೇ.

ಹೊಂಡ ಇದೆ, ಮನಸ್ಸು ಬೇಕು

ಮರಿ ಬೆಳೆಸಲು ಜಾಗವೆಲ್ಲಿ ಎಂದು ಕೇಳಬಹುದು. 2014ರಲ್ಲಿ ಆರಂಭವಾದ ಕೃಷಿ ಭಾಗ್ಯ ಯೋಜನೆಯಿಂದಾಗಿ ನಮ್ಮ ಬಯಲುಸೀಮೆಯ ಹೊಲಗಳಲ್ಲಿ ಕೃಷಿ ಹೊಂಡಗಳು ಎದ್ದಿವೆ. ಬೆಳೆ ಒಣಗುವಾಗ ಒಂದೆರಡು ಸಲ ನೀರು ಹಾಯಿಸುವುದಕ್ಕೆಂದು ತೋಡಿದ ಈ ಹೊಂಡಗಳು ವರ್ಷದ ಕೆಲವು ತಿಂಗಳು ಸುಮ್ಮನೆ ನೀರು ಹೊತ್ತು ನಿಂತಿರುತ್ತವೆ. ಎಳೆ ಮರಿಗೆ ಬೇಕಾದದ್ದು ಇಂಥ ಚಿಕ್ಕ, ಕಣ್ಣಳತೆಯೊಳಗಿನ, ಶತ್ರುಗಳಿಲ್ಲದ ನೀರೇ.

ಮೇಲೆ 21 ಮೀಟರ್ ಉದ್ದಗಲ, 3 ಮೀಟರ್ ಆಳದ ಹೊಂಡವನ್ನು ಲೆಕ್ಕಕ್ಕೆ ತೆಗೆದುಕೊಳ್ಳೋಣ. ಎಳೆ ಮರಿಗೆ ಒಂದೂವರೆ ಮೀಟರ್ ನೀರು ಧಾರಾಳ ಸಾಕು. ಬದಿಗಳು ಇಳಿಜಾರಾಗಿರುವುದರಿಂದ ಅಷ್ಟು ನೀರಿನ ಹರವು ಸುಮಾರು ಮೂರು ಗುಂಟೆಯಾಗುತ್ತದೆ. ಹೊಂಡದ ಪೂರ್ತಿ ನೀರಿನ ಅರ್ಧಕ್ಕಿಂತ ಕಡಿಮೆಯಲ್ಲೇ ಕೆಲಸ ನಡೆಯುತ್ತದೆ. ಇದರಲ್ಲಿ ಒಂದು ಲಕ್ಷ ಸ್ಪಾನ್ ಸಾಕಬಹುದು.

ಹೊಂಡಕ್ಕೆ ಪ್ಲಾಸ್ಟಿಕ್ ಹೊದಿಕೆ ಇದ್ದರೆ ಒಂದು ತೊಡಕಿದೆ. ಅದರ ಮೇಲೆ ಮಣ್ಣಿನ ಸಾರವಿಲ್ಲದ ಕಾರಣ ನೀರು ಬಡವಾಗಿರುತ್ತದೆ. ತಳಕ್ಕೆ ಅರ್ಧ ಅಡಿ ಒಳ್ಳೆಯ ಮಣ್ಣು ಹರಡಿದರೆ ಈ ಕೊರತೆ ನೀಗುತ್ತದೆ. ಹೊದಿಕೆಯ ಬದಿ ಜಾರುವುದರಿಂದ ಸುತ್ತ ತಂತಿಬೇಲಿ ಹಾಕಿ, ಹಿಡಿದು ಮೇಲೆ ಬರಲು ಗಂಟು ಹಾಕಿದ ಒಂದು ಹಗ್ಗವನ್ನು ಗೂಟಕ್ಕೆ ಕಟ್ಟಿ ಒಳಗೆ ಇಳಿಬಿಟ್ಟಿರಬೇಕು. ಮೀನು ನೋಡುವ ಆಸೆಗೆ ಮಕ್ಕಳು ಹೊಂಡದ ಅಂಚಿಗೆ ಬರುವುದು ಸಹಜ. ಬೇಲಿಯಿಲ್ಲದ ಹೊಂಡದಲ್ಲಿ ಮೀನು ಸಾಕುವುದೇ ಬೇಡ.

ಹಿಂದಿನ ವರ್ಷದ ನೀರು ಉಳಿದಿದ್ದರೆ ಪೂರ್ತಿ ಹೊರಹಾಕಿ ಒಣಗಿಸುವುದು ಎಲ್ಲಕ್ಕಿಂತ ಒಳ್ಳೆಯದು. ಮಣ್ಣಿನ ಹೊಂಡವಾಗಿ, ನೀರು ತೆಗೆಯಲಾಗದಿದ್ದರೆ, ಒಂದು ಮೀಟರ್ ಆಳದ ನೀರಿಗೆ ಗುಂಟೆಗೆ 25 ಕಿಲೋದಂತೆ ಹಿಪ್ಪೆ ಹಿಂಡಿ ಹಾಕಿದರೆ ಒಳಗಿರುವ ಕಳೆಮೀನು, ಕೊರವಗಳು ಸಾಯುತ್ತವೆ. ಆದರೆ ಹಿಂಡಿಯ ವಿಷ ಇಳಿಯಲು ಮೂರು ವಾರ ಬೇಕು. ಆಮೇಲೆ ಅದೇ ಗೊಬ್ಬರವಾಗುತ್ತದೆ. ಈ ಕೆಲಸಕ್ಕೆ ಬೆಳೆಯ ಕ್ರಿಮಿನಾಶಕ ಸುರಿಯುವ ಕೆಟ್ಟ ಚಾಳಿ ಕೆಲವೆಡೆ ಇದೆ. ಅದು ಮೀನಿಗೂ, ಆ ನೀರು ಕುಡಿಯುವ ದನಕ್ಕೂ, ಕೊನೆಗೆ ಮನುಷ್ಯನಿಗೂ ಹಾನಿ. ಹೊಸ ನೀರು ಬಿಡುವಾಗ ಕೊಳವೆಯ ಬಾಯಿಗೆ ಸಣ್ಣ ಕಣ್ಣಿನ ಬಲೆ ಅಥವಾ ಬಟ್ಟೆ ಕಟ್ಟಿದರೆ ಕಳೆಮೀನಿನ ಮೊಟ್ಟೆ ಒಳಗೆ ಬರುವುದಿಲ್ಲ. ಕೊಳವೆಬಾವಿಯ ನೀರಾದರೆ ಮೇಲಿನಿಂದ ಧುಮುಕುವಂತೆ ಬಿಟ್ಟು, ಕೆಲವು ದಿನ ಬಿಸಿಲಿಗೆ ನಿಲ್ಲಿಸಬೇಕು.

ಮೊದಲ ಇಪ್ಪತ್ತು ದಿನದ ಊಟ

ಮೀನುಮರಿ ಸಾಕುವುದೆಂದರೆ ಮೊದಲು ನೀರನ್ನು ಸಾಕುವುದು ಎಂದು ತಿಳಿದವರು ಹೇಳುತ್ತಾರೆ. ಮೊಟ್ಟೆಯೊಡೆದ ಮರಿಯ ಹೊಟ್ಟೆಯಲ್ಲಿ ಒಂದು ಹಳದಿಯ ಚೀಲವಿರುತ್ತದೆ. ಮೊದಲ ಮೂರು ದಿನ ಅದೇ ಅದರ ಊಟ. ನಾಲ್ಕನೆಯ ದಿನಕ್ಕೆ ಬಾಯಿ ತೆರೆದು ಮರಿ ಹೊರಗಿನ ಆಹಾರ ಹುಡುಕುತ್ತದೆ. ಆಗ ಅದರ ಬಾಯಿಗೆ ಹಿಡಿಸುವಂಥ ಜೀವಂತ ಆಹಾರ ನೀರಿನಲ್ಲಿ ಇಲ್ಲದಿದ್ದರೆ ಒಂದೆರಡು ದಿನದಲ್ಲೇ ಸಾಯುತ್ತದೆ. ಈ ಆಹಾರವೇ ಪ್ರಾಣಿಪ್ಲವಕ, ಅಂದರೆ ನೀರಿನಲ್ಲಿ ತೇಲಾಡುವ ಅತಿ ಸೂಕ್ಷ್ಮ ಜೀವಿಗಳು. ತಾಯಿಯ ಹಾಲಿಗೆ ಸಮನಾದ ಇದನ್ನು ಮರಿ ಬರುವುದಕ್ಕೆ ಮೊದಲೇ ನೀರಿನಲ್ಲಿ ಬೆಳೆಸಿಟ್ಟಿರಬೇಕು.

ಮೂರು ಗುಂಟೆ ನೀರಿಗೆ ಕಡಲೆಕಾಯಿ ಹಿಂಡಿ 22 ಕಿಲೋ, ಹಸಿ ಸಗಣಿ 6 ಕಿಲೋ, ಸೂಪರ್ ಫಾಸ್ಫೇಟ್ ಒಂದೂವರೆ ಕಿಲೋ ಲೆಕ್ಕ. ಇವುಗಳಲ್ಲಿ ಅರ್ಧ ಭಾಗವನ್ನು ನೀರಿನಲ್ಲಿ ನೆನೆಸಿ, ಗಟ್ಟಿ ಬಗ್ಗಡ ಮಾಡಿ, ಮರಿ ಬಿಡುವ ಎರಡು ಮೂರು ದಿನ ಮೊದಲು ಹೊಂಡಕ್ಕೆ ಎರಚತಕ್ಕದ್ದು. ಉಳಿದರ್ಧವನ್ನು ಆಮೇಲೆ ಎರಡು ಮೂರು ಕಂತುಗಳಲ್ಲಿ, ನೀರಿನ ಬಣ್ಣ ನೋಡಿಕೊಂಡು ಹಾಕಬೇಕು. ನೀರು ತಯಾರಾಗಿದೆಯೇ ಎಂದು ತಿಳಿಯಲು ಸುಲಭದ ಪರೀಕ್ಷೆಯೊಂದಿದೆ. ಹೊಂಡದ ಬೇರೆ ಬೇರೆ ಕಡೆಯಿಂದ 50 ಲೀಟರ್ ನೀರನ್ನು ತೆಳು ರೇಷ್ಮೆ ಬಟ್ಟೆಯಲ್ಲಿ ಸೋಸಿದಾಗ ಒಂದೂವರೆಯಿಂದ ಎರಡು ಮಿಲಿಲೀಟರ್‌ನಷ್ಟು ಜೀವಿಗಳ ಗಸಿ ಸಿಗಬೇಕು. ಗಾಜಿನ ಲೋಟದಲ್ಲಿ ಹಿಡಿದು ನೋಡಿದರೆ ಅವು ಪುಟಿದಾಡುವುದು ಕಣ್ಣಿಗೇ ಕಾಣುತ್ತದೆ.

ಮರಿ ಬಿಡುವ ಹಿಂದಿನ ದಿನ ನೀರುಹುಳುಗಳ ಕಾಟ ತಪ್ಪಿಸಬೇಕು. ಅರ್ಧ ಕಿಲೋ ಅಗ್ಗದ ಸೋಪನ್ನು ಬಿಸಿನೀರಿನಲ್ಲಿ ಕರಗಿಸಿ, ಒಂದೂಮುಕ್ಕಾಲು ಕಿಲೋ ಅಡುಗೆ ಎಣ್ಣೆ ಸೇರಿಸಿ ಕಡೆದು, ಗಾಳಿಯಿಲ್ಲದ ಹೊತ್ತಿನಲ್ಲಿ ನೀರಿನ ಮೇಲೆ ಚಿಮುಕಿಸಿದರೆ ತೆಳು ಪದರ ಹರಡುತ್ತದೆ. ಉಸಿರಾಡಲು ಮೇಲೆ ಬರುವ ಹುಳುಗಳು ಆ ಪದರ ದಾಟಲಾರದೆ ಸಾಯುತ್ತವೆ.

ಮರಿಯ ಚೀಲ ಬಂದ ಕೂಡಲೆ ಬಿಚ್ಚಿ ಸುರಿಯಬಾರದು. ಚೀಲವನ್ನು ಹಾಗೆಯೇ ಹೊಂಡದಲ್ಲಿ ಹದಿನೈದು ಇಪ್ಪತ್ತು ನಿಮಿಷ ತೇಲಿಬಿಟ್ಟು, ಒಳಗಿನ ಹೊರಗಿನ ನೀರಿನ ಶಾಖ ಒಂದಾದ ಮೇಲೆ ಬಾಯಿ ಬಿಚ್ಚಿ, ಹೊಂಡದ ನೀರನ್ನು ಸ್ವಲ್ಪ ಸ್ವಲ್ಪವಾಗಿ ಸೇರಿಸಿ, ಮರಿಗಳು ತಾವಾಗಿ ಈಜಿ ಹೋಗುವಂತೆ ಬಿಡಬೇಕು. ಬೆಳಗಿನ ಅಥವಾ ಸಂಜೆಯ ತಂಪು ಹೊತ್ತು ಇದಕ್ಕೆ ತಕ್ಕದ್ದು. ಈ ಹಂತದಲ್ಲಿ ಒಂದು ಹೊಂಡಕ್ಕೆ ಒಂದೇ ಜಾತಿಯ ಮರಿ ಬಿಡುವುದು ಕ್ಷೇಮ.

ಮರುದಿನದಿಂದ ಮೇಲೂಟ ಆರಂಭ. ಕಡಲೆಕಾಯಿ ಹಿಂಡಿ ಮತ್ತು ಅಕ್ಕಿ ತೌಡನ್ನು ಸಮಸಮ ತೂಕದಲ್ಲಿ ಬೆರೆಸಿ, ಬಟ್ಟೆಯಲ್ಲಿ ಜರಡಿ ಹಿಡಿದಷ್ಟು ನುಣ್ಣಗೆ ಪುಡಿ ಮಾಡಬೇಕು. ಒಂದು ಲಕ್ಷ ಮರಿಗೆ ಮೊದಲ ಐದು ದಿನ ದಿನಕ್ಕೆ 600 ಗ್ರಾಂ, ಆರನೆಯ ದಿನದಿಂದ ದಿನಕ್ಕೆ 1 ಕಿಲೋ 200 ಗ್ರಾಂ. ಅದನ್ನು ಬೆಳಿಗ್ಗೆ ಸಂಜೆ ಎರಡು ಪಾಲು ಮಾಡಿ ಕೊಡಬೇಕು. ಇಪ್ಪತ್ತು ದಿನಕ್ಕೆ ಒಟ್ಟು 21 ಕಿಲೋ ಪುಡಿ ಸಾಕು. ಶಿರಾ, ಪಾವಗಡದಂಥ ಕಡಲೆಕಾಯಿ ಸೀಮೆಯಲ್ಲಿ, ಎಣ್ಣೆ ಗಾಣಗಳ ಚಳ್ಳಕೆರೆ ಮಗ್ಗುಲಲ್ಲೇ ಇರುವಾಗ, ಈ ಹಿಂಡಿಗೆ ಪರದಾಡಬೇಕಾಗಿಲ್ಲ. ಬೂಷ್ಟು ಹಿಡಿದ ಹಿಂಡಿಯನ್ನು ಮಾತ್ರ ಮುಟ್ಟಬಾರದು.

ಕೈ ಧಾರಾಳವಾದರೂ ಅಪಾಯವೇ. ಮರಿ ತಿನ್ನದೆ ಉಳಿದ ಹಿಂಡಿ ತಳದಲ್ಲಿ ಕೊಳೆತು ನೀರಿನ ಆಮ್ಲಜನಕವನ್ನು ನುಂಗುತ್ತದೆ. ಮುಂಜಾವದಲ್ಲಿ ಮರಿಗಳೆಲ್ಲ ಮೇಲೆ ಬಂದು ಬಾಯಿ ಬಾಯಿ ಬಿಡುತ್ತಿದ್ದರೆ ಅದು ಹಸಿವಲ್ಲ, ಉಸಿರುಕಟ್ಟು. ಕೂಡಲೆ ಆಹಾರ, ಗೊಬ್ಬರ ಎರಡನ್ನೂ ನಿಲ್ಲಿಸಿ, ಹೊಸ ನೀರು ಬಿಟ್ಟು, ನೀರನ್ನು ಬಡಿದು ಕಲಕಬೇಕು. ಮೋಡ ಮುಸುಕಿದ ದಿನಗಳಲ್ಲಿ ಊಟ ಅರ್ಧಕ್ಕಿಳಿಸುವುದು ವಾಡಿಕೆ. ಇಷ್ಟು ನೋಡಿಕೊಂಡರೆ ನೂರಕ್ಕೆ ನಲವತ್ತರಿಂದ ಐವತ್ತು ಮರಿ ಒಂದು ಅಂಗುಲಕ್ಕೆ ಬರುತ್ತವೆ.

ಒಂದು ತೊಟ್ಟಿಲು, ಐದು ಅಂಗಳ

ಮುಖ್ಯ ವಿಷಯ ಇರುವುದು ಇಲ್ಲಿಯೇ. ಒಂದು ಲಕ್ಷ ಸ್ಪಾನ್‌ನಿಂದ 40 ಸಾವಿರ ಒಂದಂಗುಲದ ಮರಿ ಬಂದವು ಎಂದಿಟ್ಟುಕೊಳ್ಳೋಣ. ಅವು ಅದೇ ಹೊಂಡದಲ್ಲಿ ನಾಲ್ಕಂಗುಲಕ್ಕೆ ಬೆಳೆಯಲಾರವು, ಜಾಗ ಸಾಲದು. ಮೂರು ಗುಂಟೆ ನೀರಿನಲ್ಲಿ ಬಲಿತ ಮರಿಯ ಹಂತಕ್ಕೆ ಸಾಕಬಹುದಾದದ್ದು ಆರರಿಂದ ಒಂಬತ್ತು ಸಾವಿರ ಮರಿಯನ್ನು ಮಾತ್ರ. ಅಂದರೆ ಒಬ್ಬನ ಹೊಂಡ ತೊಟ್ಟಿಲಾದರೆ, ಮರಿ ಆಡಿ ಬೆಳೆಯುವ ಅಂಗಳಕ್ಕೆ ಇನ್ನೂ ನಾಲ್ಕು ಜನರ ಹೊಂಡ ಕೂಡಬೇಕು. ತೊಟ್ಟಿಲ ಹೊಂಡವನ್ನೂ ಸೇರಿಸಿ ಐದು ಹೊಂಡಗಳಿಗೆ ಎಂಟೆಂಟು ಸಾವಿರ ಹಂಚಿದರೆ ಲೆಕ್ಕ ಸರಿಹೋಗುತ್ತದೆ. ಈ ಹಂತದಲ್ಲಿ ಕಾಟ್ಲಾ, ರೋಹು, ಮೃಗಾಲ್ ಬೆರಸಬಹುದು. ಹಿಂಡಿ ತೌಡಿನ ಮಿಶ್ರಣವನ್ನು ಮರಿಗಳ ಒಟ್ಟು ತೂಕದ ನೂರಕ್ಕೆ ಐದರಿಂದ ಹತ್ತು ಪಾಲಿನಂತೆ ದಿನವೂ ಕೊಡಬೇಕು. ಮರಿ ಬೆಳೆದಂತೆ ಈ ಪಾಲನ್ನು ಇಳಿಸುತ್ತ ಬರಬೇಕು.

ನೂರಕ್ಕೆ ಅರವತ್ತು ಉಳಿದರೂ ಐದು ಹೊಂಡಗಳಿಂದ 24 ಸಾವಿರ ಬಲಿತ ಮರಿಗಳಾಗುತ್ತವೆ. ಹೆಕ್ಟೇರಿಗೆ ಎರಡು ಸಾವಿರದಂತೆ ಬಿಟ್ಟರೆ 12 ಹೆಕ್ಟೇರು, ಎಂದರೆ 30 ಎಕರೆ ನೀರಿನ ಹರವಿಗೆ ಸಾಕು. ಒಂದು ಸಾಧಾರಣ ಹಳ್ಳಿಯ ಕೆರೆಯನ್ನು ಆ ಹಳ್ಳಿಯ ಐದು ಜನ ರೈತರು ತುಂಬಿಸಿದಂತಾಯಿತು.

ಇನ್ನು ಕಾಲದ ಲೆಕ್ಕ. ಆರಿದ್ರೆ ಮಳೆಯ ಹೊತ್ತಿಗೆ ಸ್ಪಾನ್ ತಂದರೆ ಇಪ್ಪತ್ತು ದಿನ ತೊಟ್ಟಿಲು, ಎಂಬತ್ತು ದಿನ ಅಂಗಳ. ಸರಿಯಾಗಿ ಹಸ್ತಕ್ಕೆ ಬಲಿತ ಮರಿ ಸಿದ್ಧ. ಕೆರೆಗೆ ನೀರು ಬರುವುದೂ ಅದೇ ಹೊತ್ತಿಗೆ. ಮಲೆನಾಡಿನ ಮಳೆಗೂ ನಮ್ಮ ಮಳೆಗೂ ನಡುವೆ ಇರುವ ಮೂರು ತಿಂಗಳ ಅಂತರ ಇಷ್ಟು ದಿನ ನಮಗೆ ಶತ್ರುವಾಗಿತ್ತು. ಊರಲ್ಲಿ ಹೊಂಡಗಳ ವ್ಯವಸ್ಥೆ ಇದ್ದರೆ ಅದೇ ಅಂತರ ನಮ್ಮ ಮಿತ್ರನಾಗುತ್ತದೆ.

ಕೇಳಿಬರುವ ಆಕ್ಷೇಪಣೆಗಳು

ಕೆರೆ ತುಂಬದಿದ್ದರೆ ಮರಿ ಏನು ಮಾಡುವುದು ಎಂಬುದು ಮೊದಲ ಪ್ರಶ್ನೆ. ಬರದ ಸೀಮೆಯವರು ಕೇಳಲೇಬೇಕಾದ ಪ್ರಶ್ನೆಯಿದು. ಮೀನುಮರಿಗೆ ಒಂದು ವಿಶೇಷ ಗುಣವಿದೆ. ಒತ್ತಾಗಿ ಇಟ್ಟು, ಜೀವ ಹಿಡಿಯುವಷ್ಟು ಮಾತ್ರ ಊಟ ಕೊಟ್ಟರೆ ಅದು ತಿಂಗಳುಗಟ್ಟಲೆ ಗಿಡ್ಡಾಗಿಯೇ ಉಳಿಯುತ್ತದೆ. ಮುಂದೆ ವಿಶಾಲ ನೀರಿಗೆ ಬಿಟ್ಟಾಗ ಭರದಿಂದ ಬೆಳೆಯುತ್ತದೆ. ಆಂಧ್ರದ ಮೀನು ಸಾಕಣೆದಾರರು ಹೀಗೆ ವರ್ಷ ತುಂಬಿದ ಕುಂಠಿತ ಮರಿಗಳನ್ನೇ ಹುಡುಕಿ ಬಿಡುತ್ತಾರೆ. ಹೊಂಡದಲ್ಲಿ ನೀರು ಉಳಿಸಿಕೊಳ್ಳಬಲ್ಲ ಒಂದಿಬ್ಬರಿದ್ದರೂ ಬಿತ್ತನೆ ಮರಿ ಮುಂದಿನ ಮಳೆಯವರೆಗೆ ಉಳಿಯುತ್ತದೆ. ಬೇಡವಾದರೆ ನೀರಿರುವ ಪಕ್ಕದ ತಾಲ್ಲೂಕಿಗೆ ಮಾರಬಹುದು.

ಹೊಂಡದ ನೀರು ಬೆಳೆಗೆ ಬೇಕಲ್ಲ ಎಂಬುದು ಎರಡನೆಯದು. ನಿಜ, ಬೆಳೆ ಮೊದಲು. ಆದರೆ ಮೀನು ನೀರನ್ನು ಕುಡಿದು ಖಾಲಿ ಮಾಡುವುದಿಲ್ಲ. ಮೇಲಿನ ಒಂದೂವರೆ ಮೀಟರ್ ನೀರು ಬೆಳೆಗೆ, ಕೆಳಗಿನದು ಮರಿಗೆ ಎಂದು ಗುರುತು ಹಾಕಿಕೊಂಡರೆ ಎರಡೂ ನಡೆಯುತ್ತವೆ. ಮರಿ ಹಿಡಿದ ಮೇಲೆ ಉಳಿಯುವ ಹಸಿರು ನೀರು ಗಿಡಕ್ಕೆ ಗೊಬ್ಬರ.

ಮೂರನೆಯದು, ಇದೆಲ್ಲ ಬೆಸ್ತರ ಕೆಲಸ, ಒಕ್ಕಲಿನವರಿಗೇಕೆ ಎಂಬ ಮಾತು. ಮರಿ ಬೆಳೆಸುವುದು ಸಸಿಮಡಿ ಮಾಡಿದಂತೆ ಒಕ್ಕಲುತನವೇ. ರೈತ ಮರಿ ಬೆಳೆಸಿ ಕೊಡಲಿ, ಸಂಘದವರು ಕೆರೆಯಲ್ಲಿ ಮೀನು ಬೆಳೆದು ಹಿಡಿಯಲಿ. ಒಬ್ಬರಿಲ್ಲದೆ ಇನ್ನೊಬ್ಬರಿಗೆ ಲಾಭವಿಲ್ಲ. ದೂರದಿಂದ ಲಾರಿಯಲ್ಲಿ ಬಂದು ಅರ್ಧ ಸತ್ತ ಮರಿಗೆ ಕೊಡುವ ಹಣ ಊರಲ್ಲೇ ಉಳಿಯುತ್ತದೆ.

ಬಣ್ಣದ ಮೀನಿಗೂ ಇದೇ ಪಾಠ

ಹೊಂಡವಿಲ್ಲದವರೂ, ಮನೆಯ ಹಿತ್ತಿಲಲ್ಲಿ ಸಿಮೆಂಟ್ ತೊಟ್ಟಿ ಇರುವ ಹೆಣ್ಣುಮಕ್ಕಳೂ ಈ ವಿದ್ಯೆಯಿಂದ ನಾಲ್ಕು ಕಾಸು ಕಾಣಬಹುದು. ಅಲಂಕಾರಕ್ಕೆ ಸಾಕುವ ಗೋಲ್ಡ್‌ಫಿಷ್, ಕೋಯಿ ಮೀನುಗಳು ಗೆಂಡೆಯ ಬಳಗದವೇ. ಅವುಗಳ ಮರಿಯೂ ಮೊದಲ ಎರಡು ಮೂರು ದಿನ ಹಳದಿ ಚೀಲದ ಮೇಲೆಯೇ ಬದುಕುತ್ತದೆ. ಆಗ ಏನನ್ನೂ ಹಾಕಬಾರದು. ಈಜಲು ತೊಡಗಿದ ಮೇಲೆ, ಬಾಳೆಹಣ್ಣಿನ ಸಿಪ್ಪೆ ಅಥವಾ ಒಣಹುಲ್ಲು ಕೊಳೆಸಿ ಬೆಳೆಸಿದ ಸೂಕ್ಷ್ಮಜೀವಿಗಳ ನೀರನ್ನು ದಿನಕ್ಕೆ ಹಲವು ಸಲ ಸ್ವಲ್ಪ ಸ್ವಲ್ಪ ಹಾಕಬೇಕು. ಬೇಯಿಸಿದ ಮೊಟ್ಟೆಯ ಹಳದಿಯನ್ನು ಬಟ್ಟೆಯಲ್ಲಿ ಹಿಂಡಿ ಕೆಲವೇ ಹನಿ ಕೊಡುವುದೂ ಉಂಟು. ಹನಿ ಹೆಚ್ಚಾದರೆ ನೀರು ಕೆಡುತ್ತದೆ. ಒಂದು ವಾರ ಕಳೆದ ಮೇಲೆ ಸೋಸಿದ ನೀರುಚಿಗಟಗಳನ್ನು ತಿನ್ನಬಲ್ಲವು. ಗಪ್ಪಿ, ಮೊಲ್ಲಿಗಳು ಮೊಟ್ಟೆಯಿಡದೆ ಮರಿಯನ್ನೇ ಹಾಕುತ್ತವೆ. ಆದರೆ ಹೆತ್ತ ಮೀನೇ ಮರಿಯನ್ನು ತಿಂದುಬಿಡುವುದರಿಂದ ನೀರುಗಿಡಗಳ ಮರೆ ಮಾಡಿಕೊಟ್ಟು, ಮರಿಗಳನ್ನು ಬೇರೆ ತೊಟ್ಟಿಗೆ ಹಾಕಬೇಕು.

ಒಂದು ಎಚ್ಚರಿಕೆ ಇಲ್ಲಿ ಅಗತ್ಯ. ಸಾಕಿ ಬೇಸತ್ತ ಬಣ್ಣದ ಮೀನನ್ನು, ಅದರಲ್ಲೂ ಗಾಜಿಗೆ ಅಂಟಿಕೊಳ್ಳುವ ಸಕ್ಕರ್ ಮೀನನ್ನು ಕೆರೆಗೆ ಬಿಡಬಾರದು. ದೇಶದ ಹಲವು ಕೆರೆಗಳಲ್ಲಿ ಅದು ಸಂತಾನ ಬೆಳೆಸಿಕೊಂಡು, ಬಲೆ ಹರಿದು, ಮೀನುಗಾರರಿಗೆ ಶಾಪವಾಗಿದೆ.

ಆಗಬೇಕಾದ್ದೇನು?

ಮೊದಲನೆಯದಾಗಿ ಲೆಕ್ಕ ಬದಲಾಗಬೇಕು. ಕೆರೆಗೆ ಬಿಟ್ಟ ಮರಿಯ ಸಂಖ್ಯೆಯ ಜತೆಗೆ ಅದರ ಉದ್ದವನ್ನೂ ಬರೆದಿಡಬೇಕು. ಮೂರು ಅಂಗುಲಕ್ಕಿಂತ ಕಡಿಮೆಯ ಮರಿಯನ್ನು ಕೆರೆಗೆ ಬಿಡುವುದಿಲ್ಲವೆಂದು ಗ್ರಾಮ ಪಂಚಾಯಿತಿಯೂ ಸಹಕಾರ ಸಂಘವೂ ತಾವೇ ತೀರ್ಮಾನ ಮಾಡಿಕೊಂಡರೆ ಯಾರ ಅಪ್ಪಣೆಯೂ ಬೇಕಾಗುವುದಿಲ್ಲ. ಸಮಾರಂಭಕ್ಕೆ ಬಂದವರ ಕೈಯಲ್ಲಿ ಒಂದು ಅಳತೆಪಟ್ಟಿ ಕೊಟ್ಟರೂ ಸಾಕು, ಅರ್ಧ ಕೆಲಸವಾದಂತೆಯೇ.

ಎರಡನೆಯದಾಗಿ, ಹೋಬಳಿಗೆ ಒಂದಾದರೂ ರೈತರ ಗುಂಪು ಈ ಕೆಲಸಕ್ಕೆ ಮುಂದೆ ಬರಬೇಕು. ರೇಷ್ಮೆಯಲ್ಲಿ ಚಾಕಿ ಕೇಂದ್ರಗಳು ಬಂದ ಮೇಲೆ ಎಳೆ ಹುಳು ಸಾಕುವ ತಲೆನೋವು ಎಷ್ಟು ಜನರಿಗೆ ತಪ್ಪಿತೆಂಬುದನ್ನು ನಾವು ಕಂಡಿದ್ದೇವೆ. 2020ರಲ್ಲಿ ಆರಂಭವಾದ ಪ್ರಧಾನಮಂತ್ರಿ ಮತ್ಸ್ಯ ಸಂಪದ ಯೋಜನೆಯಲ್ಲಿ ಮರಿ ಪಾಲನಾ ಕೊಳಗಳಿಗೆ ಸಾಮಾನ್ಯ ವರ್ಗದವರಿಗೆ ಶೇಕಡ 40, ಪರಿಶಿಷ್ಟ ಜಾತಿ ಮತ್ತು ಪಂಗಡದವರಿಗೂ ಮಹಿಳೆಯರಿಗೂ ಶೇಕಡ 60ರ ಸಹಾಯಧನವನ್ನು ಇರಿಸಲಾಯಿತು. ಅದು ಹೊಸ ಕೊಳ ತೋಡುವ ದಾರಿ. ತೋಡಿಟ್ಟ ಹೊಂಡಗಳನ್ನೇ ಬಳಸಿಕೊಳ್ಳುವ ರೈತನಿಗೂ ಸ್ಪಾನ್ ಸಕಾಲಕ್ಕೆ ಸಿಗುವಂತೆ, ಬಲಿತ ಮರಿಯನ್ನು ಕೊಳ್ಳುವ ಭರವಸೆ ಸಂಘದಿಂದ ಮೊದಲೇ ದೊರೆಯುವಂತೆ ತಾಲ್ಲೂಕಿನ ಮೀನುಗಾರಿಕೆ ಕಚೇರಿಯವರು ನಡುವೆ ನಿಂತು ಒಪ್ಪಂದ ಮಾಡಿಸಿದರೆ ದೊಡ್ಡ ಉಪಕಾರ. ರೈತನಿಗೆ ಇಂದು ದುಡ್ಡಿಗಿಂತಲೂ ಕೊಳ್ಳುವವನ ಖಾತರಿ ಮುಖ್ಯ.

ಮೂರನೆಯದಾಗಿ, ನಮ್ಮ ಕೆರೆಗೆ ತಕ್ಕ ಜಾತಿ. ಕಡಿಮೆ ಕಾಲ ನೀರು ನಿಲ್ಲುವ ಕೆರೆಗಳಿಗೆ ಬೇಗ ಬೆಳೆಯುವ ಸಾಮಾನ್ಯ ಗೆಂಡೆಯನ್ನೂ ಬೆರಸುವುದು ಲೇಸು. ಹಂಗೇರಿಯಿಂದ ತಂದ ಅಮೂರ್ ಗೆಂಡೆಯ ತಳಿಯನ್ನು ಹೆಸರಘಟ್ಟದ ಮೀನುಗಾರಿಕೆ ಸಂಶೋಧನಾ ಕೇಂದ್ರ ನಮ್ಮ ನೀರಿಗೆ ಪರಿಚಯಿಸಿದೆ. ಸಾಮಾನ್ಯ ಗೆಂಡೆ ನಿಂತ ನೀರಿನಲ್ಲೂ ನೀರುಗಿಡಗಳಿಗೆ ಮೊಟ್ಟೆ ಅಂಟಿಸುತ್ತದೆ. ಹೀಗಾಗಿ ಅದರ ಮರಿಯನ್ನು ರೈತ ತನ್ನ ತೊಟ್ಟಿಯಲ್ಲೇ ಮಾಡಿಕೊಳ್ಳಬಹುದು. ಈ ಕುರಿತ ತರಬೇತಿಗೆ ಹೆಸರಘಟ್ಟವನ್ನೂ ತಾಲ್ಲೂಕಿನ ಮೀನುಗಾರಿಕೆ ಕಚೇರಿಯನ್ನೂ ಕೇಳತಕ್ಕದ್ದು.

ಭದ್ರಾ ಮೇಲ್ದಂಡೆಯ ನೀರು ಬಂದೀತು, ಹೇಮಾವತಿಯ ಪಾಲು ಹೆಚ್ಚೀತು ಎಂದು ಈ ಸೀಮೆ ಕಾಯುತ್ತಿದೆ. ನೀರು ಬಂದ ದಿನ ಕೆರೆಗೆ ಬಿಡಲು ಗಟ್ಟಿ ಮರಿ ನಮ್ಮ ಕೈಯಲ್ಲಿರಬೇಕು. ನೀರು ತರುವುದು ಸರ್ಕಾರದ ಕೈಯಲ್ಲಿದೆ. ಮರಿ ಬೆಳೆಸುವುದು ನಮ್ಮ ಕೈಯಲ್ಲಿದೆ. ಬರುವ ಆರಿದ್ರೆಗೆ ಪ್ರತಿ ಹೋಬಳಿಯಲ್ಲೂ ಐದೈದು ಜನ ರೈತ ಬಾಂಧವರು ಈಗಲೇ ಕೂತು ಮಾತಾಡಿ, ಯಾರ ಹೊಂಡ ತೊಟ್ಟಿಲು, ಯಾರದು ಅಂಗಳ ಎಂದು ಗೊತ್ತುಮಾಡಿಕೊಳ್ಳಲಿ.